ಎಡಗಡೆಯ ಎರಡನೇ ಕಿಟಕಿ

ಅವರಿಗೆ ಎರಡು ಹೆಸರುಗಳಿದ್ದವು. ಒಂದು ಹ್ಯೂಸ್ಟನ್ನಿನ ಥರ್ಡ್ ವಾರ್ಡಿನಲ್ಲಿರುವ ಒಂದು ಸಣ್ಣ ಬ್ಯಾಪ್ಟಿಸ್ಟ್ ಚರ್ಚಿನ ಸದಸ್ಯರ ಪುಸ್ತಕದಲ್ಲಿತ್ತು. ಇನ್ನೊಂದು ಡಾಲಸ್ಸಿನ ನಾಟಕ ಮಂದಿರಗಳ ಪೋಸ್ಟರುಗಳ ಮೇಲಿತ್ತು. ಮೊದಲನೆಯ ಹೆಸರಿನಿಂದ ಕರೆಯುವವರು ಎರಡನೆಯದನ್ನು ಬಾಯಿಗೆ ತರುತ್ತಿರಲಿಲ್ಲ. ಎರಡನೆಯದನ್ನು ಬಲ್ಲವರಿಗೆ ಮೊದಲನೆಯದು ಗೊತ್ತಿರಲಿಲ್ಲ. ಯಾವುದನ್ನು ಬರೆದರೂ ಇನ್ನೊಂದಕ್ಕೆ ಅನ್ಯಾಯವಾಗುತ್ತದೆ ಎಂದು ಎರಡನ್ನೂ ಬಿಟ್ಟಿದ್ದೇನೆ. ನಾನು ಅವರನ್ನು ‘ಮ್ಯಾಮ್’ ಎನ್ನುತ್ತಿದ್ದೆ. ಅವರು ನನ್ನನ್ನು ‘ಬೇಬಿ’ ಎನ್ನುತ್ತಿದ್ದರು. ಗದಗ-ಬೆಟಗೇರಿಯಿಂದ ಸಂಖ್ಯಾಶಾಸ್ತ್ರದ ಎಂ.ಎಸ್. ಓದಲು ಬಂದ ನನಗೆ ಮೊದಲ ವಾರ ಆ ಕರೆ ಮುಜುಗರ ತಂದಿತ್ತು. ಆಮೇಲೆ ನೋಡಿದರೆ ಅವರು ಹಾಲು ಹಾಕುವ ಮುದುಕನನ್ನೂ ಬೇಬಿ ಎಂದೇ ಕರೆಯುತ್ತಿದ್ದರು.

ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ನಾನು ಚಿಕ್ಕಂದಿನಿಂದ ದಿನಚರಿ ಬರೆಯುವವಳು. ಅವರ ಟೆಕ್ಸಸ್ ಇಂಗ್ಲಿಷನ್ನು ಪುಸ್ತಕದ ಕನ್ನಡದಲ್ಲಿ ಬರೆದಿಡಲು ಹೋದಾಗ ಅದು ನಮ್ಮ ಶಾಲೆಯ ಹೆಡ್‌ಮಿಸ್ ಭಾಷಣದ ಹಾಗೆ ಕಾಣಿಸಿತು. ಹೊಡೆದು ಹಾಕಿ ನಮ್ಮ ಗದಗಿನ ಮಾತಿನಲ್ಲಿ ಬರೆದೆ. ಅವರೇ ಎದುರಿಗೆ ಕೂತು ಮಾತಾಡಿದಂತಾಯಿತು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಾನು ಅವರ ಮನೆ ಸೇರಿದ್ದು ಅರವತ್ತೇಳರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಯೂನಿವರ್ಸಿಟಿಯ ಸುತ್ತ ಐದು ಕಡೆ ಕೋಣೆ ಕೇಳಿದ್ದೆ. ಫೋನಿನಲ್ಲಿ ಖಾಲಿ ಇದ್ದ ಕೋಣೆ ಬಾಗಿಲು ತೆರೆದು ನನ್ನ ಮುಖ ನೋಡುವಷ್ಟರಲ್ಲಿ ಯಾರಿಗೋ ಕೊಟ್ಟು ಆಗಿರುತ್ತಿತ್ತು. ಕೊನೆಗೆ ನಮ್ಮ ವಿಭಾಗದ ಟೈಪಿಸ್ಟ್ ಹೆಂಗಸು ಒಂದು ವಿಳಾಸ ಹೇಳಿದಳು. ಹೋದಾಗ ಬಾಗಿಲು ತೆರೆದವರು ನಲವತ್ತರ ಆಸುಪಾಸಿನ ಎತ್ತರದ ಕಪ್ಪು ಹೆಂಗಸು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ. ನನ್ನ ಸೀರೆಯನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಇದನ್ನ ಇಸ್ತ್ರಿ ಮಾಡಾಕ ಎಷ್ಟೊತ್ತು ಬೇಕು?” ಎಂದರು.

ಅರ್ಧ ತಾಸು ಎಂದೆ.

“ಒಳಗ ಬಾ. ಅಡಗಿಮನಿ ಬಳಸು. ಪಿಯಾನೋ ಮುಟ್ಟಂಗಿಲ್ಲ. ನಮ್ಮವ್ವನ ಮುಂದ ಥಿಯೇಟರ್ ಮಾತು ತಗಿಯಂಗಿಲ್ಲ. ಉಳಿದದ್ದೆಲ್ಲಾ ನಿನ್ನ ಮನಿ ಇದ್ದಂಗ.”

ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಗಳು ಏಳನೆಯ ವಯಸ್ಸಿನಿಂದ ಆ ಸಣ್ಣ ಚರ್ಚಿನಲ್ಲಿ ಹಾಡಿದವರು. ದೊಡ್ಡವರಾದ ಮೇಲೆ ಸುವಾರ್ತಾಗೀತೆಗಳ ಒಂದು ತಂಡದ ಜೊತೆ ಟೆಕ್ಸಸ್ಸಿನ ಊರೂರು ತಿರುಗಿದರು. ಹೋಟೆಲುಗಳು ಕಪ್ಪು ಜನರಿಗೆ ಕೋಣೆ ಕೊಡುತ್ತಿರಲಿಲ್ಲವಾದ್ದರಿಂದ ಸಭೆಯವರ ಮನೆಗಳಲ್ಲಿ, ಮಕ್ಕಳ ಮಂಚಗಳಲ್ಲಿ ಮಲಗಿ ಎದ್ದು ಹಾಡಿದರು. ಮೂವತ್ತು ದಾಟಿದ ಮೇಲೆ ಡಾಲಸ್ಸಿನ ಒಂದು ನಾಟಕ ತಂಡ ಅವರನ್ನು ಕರೆಯಿತು. ಅವರು ಹೋದರು. ಪ್ರೇಮದ, ವಿರಹದ, ಜಗಳದ ಹಾಡುಗಳನ್ನು ಬಣ್ಣದ ದೀಪದ ಕೆಳಗೆ ಹಾಡಿದರು. ಸುದ್ದಿ ಹ್ಯೂಸ್ಟನ್ ಮುಟ್ಟಿದ ಮೇಲೆ ಚರ್ಚಿನ ಹಿರಿಯರು ಸೇರಿ ಅವರ ಗಾಯನವೃಂದದ ನಿಲುವಂಗಿಯನ್ನು ವಾಪಸು ತೆಗೆದುಕೊಂಡರು. ಸಭೆಯ ಮುಂದೆ ಬಂದು ನಿಂತು ‘ತಪ್ಪಾಯಿತು’ ಎನ್ನುವವರೆಗೆ ಆ ಚರ್ಚಿನಲ್ಲಿ ಅವರ ಹಾಡು ಇಲ್ಲ. ಅಲ್ಲಿ ಅದು ಹಳೆಯ ಪದ್ಧತಿ, ಬೇರೆಯವರ ಮೇಲೂ ನಡೆದದ್ದೇ. ಎಷ್ಟೋ ಜನ ಮುಂದೆ ಬಂದು, ಅತ್ತು, ಕ್ಷಮೆ ಪಡೆದು, ಮರುವಾರವೇ ನಿಲುವಂಗಿ ತೊಟ್ಟಿದ್ದರು.

ಇವರು ಮುಂದೆ ಬರಲಿಲ್ಲ. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಒಳಗೂ ಬರಲಿಲ್ಲ. ಪ್ರತಿ ಭಾನುವಾರ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ಬಾಗಿಲ ಬಳಿ ಇಳಿಸುತ್ತಿದ್ದರು. ಆಮೇಲೆ ಚರ್ಚಿನ ಎಡಬದಿಗೆ ಹೋಗಿ ಪೆಕಾನ್ ಮರದ ಕೆಳಗೆ ಕಾರು ನಿಲ್ಲಿಸಿ, ಗಾಜು ಇಳಿಸಿ, ಪ್ರಾರ್ಥನೆ ಮುಗಿಯುವವರೆಗೆ ಅಲ್ಲೇ ಕೂರುತ್ತಿದ್ದರು. ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲಿನಲ್ಲಿ ಕಾರಿನೊಳಗೆ ಕೂರುವುದೆಂದರೆ ಏನೆಂದು ಅಲ್ಲಿದ್ದವರಿಗೆ ಹೇಳಬೇಕಾಗಿಲ್ಲ.

“ಒಳಗೆ ಹಿಂದಿನ ಸಾಲಿನಲ್ಲಾದರೂ ಕೂರಬಹುದಲ್ಲ ಮ್ಯಾಮ್?” ಎಂದು ಒಮ್ಮೆ ಕೇಳಿದ್ದೆ.

“ಬಾಯಿ ಮುಚ್ಚಿಕೊಂಡು ಒಳಗ ಕುಂದ್ರೂದು ನನ್ನ ಕಡಿಂದ ಆಗೂದಿಲ್ಲ ಬೇಬಿ. ಕಾರಿನ್ಯಾಗಾದ್ರ ಹಾಡಬಹುದು. ಇದು ನನ್ನ ಕಾರು.”

ನಾನು ತಾಯಿಯ ಜೊತೆ ಒಳಗೆ ಹೋಗುತ್ತಿದ್ದೆ. ನಮ್ಮ ಬೆಟಗೇರಿಯ ಕ್ರೈಸ್ತ ದೇವಾಲಯದಲ್ಲಿ ಅಪ್ಪ ಹಾರ್ಮೋನಿಯಂ ಹಿಡಿದರೆ ಎಲ್ಲರೂ ಪುಸ್ತಕ ತೆರೆದು ನೆಟ್ಟಗೆ ನಿಂತು ಕೀರ್ತನೆ ಹಾಡುತ್ತೇವೆ. ಇಲ್ಲಿ ಹಾಡಿನ ನಡುವೆ ಜನ ಏಳುತ್ತಿದ್ದರು, ಅಳುತ್ತಿದ್ದರು, ಉಪದೇಶದ ನಡುವೆ ‘ಹೌದು, ಆಮೆನ್’ ಎಂದು ದನಿಗೂಡಿಸುತ್ತಿದ್ದರು. ಆದರೆ ಗಾಯನವೃಂದದ ಹಾಡಿಗೂ ಮೊದಲು, ವಾದ್ಯವಿಲ್ಲದೆ, ಒಂದು ಹಳೆಯ ಕ್ರಮ ನಡೆಯುತ್ತಿತ್ತು. ಓದು ಬಾರದವರ ಕಾಲದಿಂದ ಬಂದದ್ದು. ಸಭೆಯ ಹಿರಿಯರೊಬ್ಬರು ಎದ್ದು ಕೀರ್ತನೆಯ ಒಂದು ಸಾಲನ್ನು ಬೇಗ ಬೇಗನೆ, ಅರ್ಧ ಮಾತು ಅರ್ಧ ರಾಗದಲ್ಲಿ ಹೇಳಿ ಬಿಡುತ್ತಾರೆ. ಅದಕ್ಕೆ ಸಾಲು ಕೊಡುವುದು ಎನ್ನುತ್ತಾರೆ. ಸಭೆ ಆ ಸಾಲನ್ನು ಹಿಡಿದು ನಿಧಾನವಾಗಿ ಎಳೆದು ಹಾಡುತ್ತದೆ. ಮುಂದಿನ ಸಾಲು ಬರುವವರೆಗೆ ಯಾರೂ ಬಾಯಿ ಮುಚ್ಚುವುದಿಲ್ಲ. ಕೊನೆಯ ಸ್ವರದ ಮೇಲೆ ಗುನುಗುತ್ತಾ ಕಾಯುತ್ತಾರೆ. ಸಾಲು ಕೊಡಲು ನಿಲುವಂಗಿ ಬೇಕಿಲ್ಲ. ಕೂತಲ್ಲಿಂದಲೇ ಯಾರು ಬೇಕಾದರೂ ಕೊಡಬಹುದು. ಆದರೆ ಆ ಚರ್ಚಿನಲ್ಲಿ ಅದನ್ನು ಕೊಡುತ್ತಿದ್ದವರು ಒಬ್ಬರೇ, ಹಿರಿಯ ಡೀಕನ್, ಅಂದರೆ ಸಭೆಯ ಕೆಲಸಕಾರ್ಯ ನೋಡಿಕೊಳ್ಳುವ ಹಿರಿಯರು.

ಅವರು ರೈಲ್ವೆಯಲ್ಲಿ ಪೋರ್ಟರ್ ಆಗಿ ನಿವೃತ್ತರಾದವರು. ಸಾಲು ಕೊಡಲು ಏಳುವ ಮೊದಲು ಎಡಗಡೆಯ ಎರಡನೇ ಕಿಟಕಿಯ ಬಳಿ ನಡೆದು ಹೋಗಿ ಅದನ್ನು ಪೂರ್ತಿ ಮೇಲಕ್ಕೆತ್ತುತ್ತಿದ್ದರು. ವಾಪಸು ಬಂದು, ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಸಾಲು ಕೊಡುತ್ತಿದ್ದರು. ಒಂದು ಕಿವಿ ಮಂದವಿರಬೇಕು ಎಂದು ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಜನವರಿಯಲ್ಲಿ ಒಂದು ಭಾನುವಾರ ಉತ್ತರದ ಗಾಳಿ ಬೀಸಿ ಚಳಿ ಹೆಚ್ಚಾಯಿತು. ನನ್ನ ಜಾಗ ಆ ಕಿಟಕಿಯ ಪಕ್ಕದಲ್ಲೇ. ಬಾಗಿಲಲ್ಲಿ ನಿಲ್ಲುವ ಸೇವಕಿಯನ್ನು ಕರೆದು ಮುಚ್ಚಲೇ ಎಂದು ಕೇಳಿದೆ. ಆಕೆ ನನ್ನ ಕೈಗೆ ತನ್ನ ಶಾಲು ಕೊಟ್ಟು, “ಅದು ಡೀಕನ್ ಅವರ ಕಿಟಕಿ. ಮುಟ್ಟಬ್ಯಾಡ” ಎಂದಳು. ಶಾಲು ಹೊದ್ದುಕೊಂಡು ಹೊರಗೆ ನೋಡಿದೆ. ಹತ್ತಿಪ್ಪತ್ತು ಅಡಿ ದೂರದಲ್ಲಿ ಪೆಕಾನ್ ಮರ, ಮರದ ಕೆಳಗೆ ಕಾರು, ಕಾರಿನಲ್ಲಿ ಕೋಟಿನ ಕಾಲರ್ ಮೇಲೆತ್ತಿಕೊಂಡು ಕೂತ ಮ್ಯಾಮ್. ತುಟಿ ಅಲುಗುತ್ತಿತ್ತು.

ಮ್ಯಾಮ್ ಅವರಿಗೆ ಏಳನೆಯ ವಯಸ್ಸಿನಲ್ಲಿ ಸಾಲು ಹಿಡಿಯುವುದನ್ನು ಕಲಿಸಿದವರು ಇದೇ ಡೀಕನ್. ನಿಲುವಂಗಿ ವಾಪಸು ಒಯ್ಯಲು ಮನೆಗೆ ಬಂದವರೂ ಇವರೇ. ಶನಿವಾರ ಬೆಳಿಗ್ಗೆ ತಾಯಿಯ ಜೊತೆ ಚುಕ್ಕೆ ಬಿಲ್ಲೆಗಳ ಡಾಮಿನೋ ಆಡಲು ತಪ್ಪದೆ ಬರುತ್ತಿದ್ದರು. ಲೆಕ್ಕ ಇಡುವ ಕೆಲಸ ನನ್ನದು. ಮಗಳು ಅದೇ ಕೋಣೆಯಲ್ಲಿ ನಾಟಕದ ಉಡುಪುಗಳಿಗೆ ಇಸ್ತ್ರಿ ಹಾಕುತ್ತಾ, ಇಸ್ತ್ರಿಪೆಟ್ಟಿಗೆ ಮುಂದೆ ಹೋದಾಗ ಏರಿಸಿ, ಹಿಂದೆ ಬಂದಾಗ ಇಳಿಸಿ ಗುನುಗುತ್ತಿರುತ್ತಿದ್ದರು.

“ಆ ಡಾಲಸ್ ಹಾಡಿನ್ಯಾಗ ಯಾರನ್ನ ಕರೀತಿ ನೀ?” ಎಂದು ಡೀಕನ್ ಒಂದು ಶನಿವಾರ ಬಿಲ್ಲೆ ಇಡುತ್ತಾ, ತಲೆ ಎತ್ತದೆ ಕೇಳಿದರು.

“ಬಿಟ್ಟು ಹೋದ ಗಂಡನ್ನ.”

“ಅಂವ ಬರ್ತಾನೇನು?”

“ನೀವು ಇಷ್ಟ ವರ್ಷದಿಂದ ಕರಿಯಾಕತ್ತೀರಲ್ಲ, ನಿಮ್ಮಾಂವ ಬಂದಾನೇನು?”

ತಾಯಿ ತಮ್ಮ ಬಿಲ್ಲೆಯಿಂದ ಮೇಜನ್ನು ಕುಟ್ಟಿದರು. “ಹದಿನೈದು ನಂದು. ಬರ್ಕೋ ಬೇಬಿ. ಇವರಿಬ್ಬರ ಮಾತು ಬರ್ಕೋಬ್ಯಾಡ.”

ತಾಯಿ ಮಗಳ ನಾಟಕವನ್ನು ಒಮ್ಮೆಯೂ ನೋಡಲಿಲ್ಲ. ನಾಟಕ ಬಿಡು ಎಂದೂ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು. ಅದೂ ಬಟಾಣಿ ಸುಲಿಯುತ್ತಾ, ನಾನು ಎದುರಿಗಿದ್ದಾಗಲೇ. “ನನ್ನ ಮಣ್ಣಿನ ದಿನ ನೀ ಹಾಡಬೇಕು.”

“ಅವರು ಮೊದಲ ತಪ್ಪಾತು ಅನ್ನು ಅಂತಾರಲ್ಲವಾ.”

“ಅದು ನಿಂದೂ ಅವರದೂ. ನನಗೇನ್ ಬೇಕು ಅಂತ ನಾ ಹೇಳೇನಿ.”

ಅವತ್ತಿನಿಂದ ಆ ಮಾತು ಮನೆಯಲ್ಲಿ ಒಂದು ಕುರ್ಚಿಯ ಹಾಗೆ ಇತ್ತು. ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ, ಯಾರೂ ಅದನ್ನು ಎತ್ತಿ ಹೊರಗಿಡಲೂ ಇಲ್ಲ.

ಹೊಸ ನಾಟಕ ಬಂದಾಗ ತಾಯಿ ಮಲಗಿದ ಮಧ್ಯಾಹ್ನಗಳಲ್ಲಿ ಹಿಂದಿನ ವರಾಂಡದಲ್ಲಿ ನಾನು ಅವರಿಗೆ ಎದುರು ಪಾತ್ರಗಳ ಮಾತು ಓದಿ ಹೇಳುತ್ತಿದ್ದೆ. ಒಮ್ಮೆ ಬಾಗಿಲು ಒದ್ದು ಒಳನುಗ್ಗುವ ಪೊಲೀಸ್ ಅಧಿಕಾರಿಯ ಮಾತು ಓದಿದೆ. ಅವರು ನಕ್ಕು ಕೆಳಗೆ ಕೂತರು. “ನಿನ್ನ ಬಾಯಾಗ ಪೊಲೀಸ್ ಭಾಳ ಮರ್ಯಾದಸ್ತ ಆಗ್ಯಾನ ಬೇಬಿ. ಅಂವ ನನ್ನ ಮಗನ್ನ ಹಿಡಿಯಾಕ ಬಂದಾನೋ ಚಹಾ ಕುಡಿಯಾಕ ಬಂದಾನೋ?”

ಆ ನಾಟಕವನ್ನು ನೋಡಲು ನಾನು ಅವರ ಜೊತೆ ಡಾಲಸ್ಸಿಗೆ ಹೋದೆ. ನಾಲ್ಕು ತಾಸಿನ ದಾರಿಯಲ್ಲಿ ಅವರು ದನಿಯನ್ನು ಹಾಡಿಗೆಂದು ಉಳಿಸಿಕೊಂಡರು. ಫ್ಲಾಸ್ಕಿನಿಂದ ಬಿಸಿನೀರು ಗುಟುಕರಿಸುತ್ತಿದ್ದರು. ಪರದೆಯ ಹಿಂದೆ ನಿಂತು ಬಗ್ಗಿ ಶೂ ಬಿಚ್ಚಿ ಬದಿಗಿಟ್ಟರು. ನಮ್ಮಲ್ಲಿಯ ಹಾಗೆ ವೇದಿಕೆಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡು ಹೇಳಿದೆ.

“ಅಂಥಾದ್ದೇನಿಲ್ಲ. ಸಣ್ಣಾಕಿ ಇದ್ದಾಗ ಇದ್ದದ್ದು ಒಂದ ಜೋಡು, ಅದೂ ಬಿಗಿ. ಬೆರಳು ಬಿಗಿದ್ರ ಉಸಿರು ಬಿಗೀತೈತಿ. ಆವಾಗಿಂದ ಹಿಂಗ.”

ಮಗನನ್ನು ಕಳೆದುಕೊಂಡ ತಾಯಿಯ ಹಾಡು ಅದು. ಅದರಲ್ಲಿ ದೇವರ ಹೆಸರು ಎಲ್ಲೂ ಇರಲಿಲ್ಲ. ಆದರೆ ಪ್ರತಿ ಸಾಲಿನ ಕೊನೆಗೆ ಅವರು ದನಿ ನಿಲ್ಲಿಸದೆ ಗುನುಗುತ್ತಾ ಕಾದರು, ಯಾರೋ ಮುಂದಿನ ಸಾಲು ಕೊಡಬೇಕು ಎಂಬಂತೆ. ಮುಗಿದಾಗ ಕಪ್ಪು ಬಿಳಿ ಎಲ್ಲರೂ ಬೆರೆತು ಕೂತಿದ್ದ ಆ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಬರುವಾಗ ಕಾರಿನಲ್ಲಿ, “ಏನ್ ಬರಕೊಂಡಿ?” ಎಂದರು. ಜನ ತಡವಾಗಿ ಚಪ್ಪಾಳೆ ತಟ್ಟಿದರು ಎಂದು ಬರೆದಿದ್ದೇನೆ ಎಂದೆ. “ಅಷ್ಟ ಸಾಕು” ಎಂದರು.

ಅವರಿಗೆ ತಮ್ಮದೇ ಒಂದು ಕಟ್ಟುನಿಟ್ಟಿತ್ತು. ಅದು ನನಗೆ ಸರಿಯಾಗಿ ಗೊತ್ತಾದದ್ದು ಆಸ್ಟಿನ್ನಿನಲ್ಲಿ. ಓದು ಮುಗಿಸಿ ನಾನು ಅಲ್ಲಿ ಕೆಲಸಕ್ಕೆ ಸೇರಿ ಶಿಫ್ಟ್ ಆಗಿದ್ದೆ. ಎಪ್ಪತ್ತೊಂದರ ವಸಂತದಲ್ಲಿ ಅವರು ಅಲ್ಲಿಯ ಒಂದು ನಾಟಕಕ್ಕೆ ಬಂದು ನನ್ನ ಅಪಾರ್ಟ್‌ಮೆಂಟಿನಲ್ಲಿ ಉಳಿದರು. ಭಾನುವಾರ ಊಟಕ್ಕೆ ಬರುವ ಮೂರು ನಾಲ್ಕು ಕನ್ನಡದ ವಿದ್ಯಾರ್ಥಿಗಳು ಅವರ ಸುತ್ತ ಕೂತರು. ಮೈಸೂರಿನ ಹುಡುಗನೊಬ್ಬ, “ಆಂಟಿ, ಒಂದು ಚರ್ಚ್ ಸಾಂಗ್ ಹಾಡಿ ಪ್ಲೀಸ್” ಎಂದ. ಅವರು ಸಾರನ್ನ ಕಲಸುತ್ತಾ, “ಅದು ಊಟದ ಜೋಡಿ ಬರೂದಲ್ಲ ಬೇಬಿ” ಎಂದು ಬೇರೆ ಒಂದು ತಮಾಷೆಯ ಹಾಡು ಹೇಳಿದರು. ಹುಡುಗರು ಪಾತ್ರೆ ಬಡಿದು ತಾಳ ಹಾಕಿದರು.

ಮರುವಾರ ತಾಲೀಮಿನಿಂದ ಮಧ್ಯಾಹ್ನವೇ ವಾಪಸು ಬಂದು ಸೂಟ್‌ಕೇಸ್ ತುಂಬತೊಡಗಿದರು. ನಿರ್ದೇಶಕ ಒಂದು ದೃಶ್ಯ ಹೊಸದಾಗಿ ಸೇರಿಸಿದ್ದನಂತೆ. ಇವರು ದಪ್ಪ ಹೆಂಗಸಿನ ವೇಷದಲ್ಲಿ ಖಂಜರಿ ಹಿಡಿದು, ಕಣ್ಣು ತಿರುಗಿಸುತ್ತಾ ಕೀರ್ತನೆ ಹಾಡಿ ಜನರನ್ನು ನಗಿಸಬೇಕು. ಆ ಕೀರ್ತನೆ ಅವರ ತಾಯಿಗೆ ತುಂಬಾ ಬೇಕಾದದ್ದು.

“ನಿಮ್ಮನ್ನು ಹಾಡಲು ಬಿಡದ ಚರ್ಚಿನ ಹಾಡಲ್ಲವೇ ಅದು, ಮ್ಯಾಮ್” ಎಂದೆ. ನನಗೆ ಸಿಟ್ಟು ಬಂದಿತ್ತು. ಒಳ್ಳೆಯ ಪಾತ್ರ ಅದು, ಬಿಟ್ಟರೆ ಮತ್ತೆ ಕರೆಯುವವರಲ್ಲ.

“ಚರ್ಚು ಅವರದು” ಎಂದರು. “ಹಾಡು ಅವ್ವಂದು.” ಸೂಟ್‌ಕೇಸಿನ ಮೇಲೆ ಕೂತು ಅದನ್ನು ಮುಚ್ಚಿದರು.

ಆಮೇಲೆ ದೊಡ್ಡ ಪಾತ್ರಗಳು ಕಡಿಮೆಯಾದವು. ಮನೆಯಲ್ಲಿ ಬಡಾವಣೆಯ ಹುಡುಗಿಯರಿಗೆ ಪಿಯಾನೋ ಮುಂದೆ ಹಾಡು ಕಲಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಚರ್ಚಿನ ಗಾಯನವೃಂದದಲ್ಲಿ ಅರ್ಧದಷ್ಟು ಹುಡುಗಿಯರು ಅವರ ಹತ್ತಿರ ಕಲಿತವರೇ ಇದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಎಪ್ಪತ್ತೈದರ ಫೆಬ್ರವರಿಯಲ್ಲಿ ತಾಯಿ ತೀರಿಕೊಂಡರು. ನಾನು ಆಸ್ಟಿನ್ನಿನಿಂದ ಬಸ್ಸು ಹಿಡಿದು ಹಿಂದಿನ ದಿನವೇ ಹೋದೆ. ಮಧ್ಯಾಹ್ನ ಡೀಕನ್ ಬಂದು ಡಾಮಿನೋ ಮೇಜಿನ ಮುಂದೆ ತಮ್ಮ ಜಾಗದಲ್ಲಿ ಕೂತರು. ಎದುರಿನ ಕುರ್ಚಿ ಖಾಲಿ ಇತ್ತು. ಮಗಳು ನಿಂತೇ ಇದ್ದರು.

“ಒಂದ ಮಾತು” ಎಂದರು ಡೀಕನ್. “ನಾಳೆ ಮುಂದ ಬಂದು ನಿಂತು ಅನ್ನು. ಮೆತ್ತಗ ಅಂದ್ರೂ ನಡೀತೈತಿ. ನಾ ಕೇಳಿಸಿಕೊಂಡೆ ಅಂತೀನಿ. ಆಮ್ಯಾಲ ಹಾಡು.”

“ತಪ್ಪಾತು ಅಂತ ನನಗ ಅನ್ನಿಸಿಲ್ಲ. ಅನ್ನಿಸದ ಅಂದ್ರ ಸುಳ್ಳಾಗತೈತಿ. ಅವ್ವನ ಪೆಟಗಿ ಮುಂದ ನಿಂತು ಸುಳ್ಳು ಹೇಳ್ಲೇನು?”

“ಆಕಿ ಕೇಳಿಕೊಂಡಿದ್ಲು.”

“ಹಾಡು ಅಂತ ಕೇಳಿಕೊಂಡಿದ್ಲು. ಸುಳ್ಳು ಹೇಳು ಅಂತಲ್ಲ.”

ಡೀಕನ್ ಮೇಜಿನ ಮೇಲಿದ್ದ ಟೋಪಿ ಎತ್ತಿಕೊಂಡರು. “ನಾ ಒಬ್ಬನ ಅಲ್ಲ ಸಭಾ ಅಂದ್ರ” ಎಂದು ಎದ್ದು ಹೋದರು. ಅವರು ಹೋದ ಮೇಲೆ ಇವರು ಆ ಖಾಲಿ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ತಲೆ ಇಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಎಷ್ಟೋ ವರ್ಷಗಳ ಮೇಲೆ ಅವರು ಆ ಚರ್ಚಿನ ಒಳಗೆ ಬಂದು ಕುಟುಂಬದವರ ಮೊದಲ ಸಾಲಿನಲ್ಲಿ ಕೂತರು. ನಾನು ಅವರ ಹಿಂದೆ. ಮುದ್ರಿಸಿದ ಕಾರ್ಯಕ್ರಮದಲ್ಲಿ ಅವರ ಹೆಸರು ‘ಮಗಳು’ ಎಂಬಲ್ಲಿ ಮಾತ್ರ ಇತ್ತು. ಗಾಯನವೃಂದ ಹಾಡಿತು. ಪಾದ್ರಿಗಳು ಉಪದೇಶ ಮಾಡಿದರು. ಪೆಟ್ಟಿಗೆ ಮುಚ್ಚುವ ಮೊದಲು ಡೀಕನ್ ಎದ್ದು ತಾಯಿಗೆ ಬೇಕಾದ ಕೀರ್ತನೆಯ ಮೊದಲ ಸಾಲು ಕೊಟ್ಟರು. ಸಭೆ ಹಿಡಿಯಿತು. ಎರಡನೆಯದು ಕೊಟ್ಟರು. ಹಿಡಿಯಿತು. ಮೂರನೆಯದು ಬರಲಿಲ್ಲ.

ಡೀಕನ್ ಮುಂದಿನ ಬೆಂಚಿನ ಅಂಚು ಹಿಡಿದು ನಿಂತಿದ್ದರು, ತುಟಿ ಮುಚ್ಚಿತ್ತು. ಸಭೆ ಕೊನೆಯ ಸ್ವರದ ಮೇಲೆ ಗುನುಗುತ್ತಾ ಕಾಯುತ್ತಿತ್ತು. ಉಸಿರು ಮುಗಿದವರ ಕಡೆಯಿಂದ ಇನ್ನೊಬ್ಬರು ಎತ್ತಿಕೊಂಡು ಆ ಗುನುಗು ನಿಲ್ಲದೆ ಚರ್ಚಿನ ತುಂಬ ಸುತ್ತುತ್ತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ನನ್ನ ಮುಂದೆ ಅವರು ಬಗ್ಗಿದರು. ಶೂ ಬಿಚ್ಚುತ್ತಿದ್ದರು.

ಎದ್ದು ನಿಲ್ಲಲಿಲ್ಲ. ಮುಂದೆ ಹೋಗಲಿಲ್ಲ. ಕೂತಲ್ಲಿಂದಲೇ ಮೂರನೆಯ ಸಾಲು ಕೊಟ್ಟರು. ಅದು ಡಾಲಸ್ಸಿನಲ್ಲಿ ನಾನು ಕೇಳಿದ ದನಿಯೇ. ಏನೂ ಕಡಿಮೆ ಮಾಡಿರಲಿಲ್ಲ, ಏನೂ ಸೇರಿಸಿರಲಿಲ್ಲ. ಗುನುಗು ಒಂದು ಕ್ಷಣ ತಡೆಯಿತು. ಈಗ ಸಭೆ ಹಿಡಿಯಬೇಕು, ಇಲ್ಲವೇ ಬಿಡಬೇಕು. ಮೊದಲು ಹಿಡಿದ ದನಿ ಒಡಕಲು, ಮುದಿ ದನಿ, ಡೀಕನ್ ಅವರದು. ಆಮೇಲೆ ಗಾಯನವೃಂದದ ಹುಡುಗಿಯರು. ಆಮೇಲೆ ಎಲ್ಲರೂ. ಉಳಿದ ಸಾಲುಗಳನ್ನೆಲ್ಲ ಅವರೇ ಕೊಟ್ಟರು.

ಸ್ಮಶಾನದಿಂದ ವಾಪಸು ಬರುವಾಗ, ಪಾಪ, ಡೀಕನ್ ಅವರಿಗೆ ದುಃಖದಲ್ಲಿ ಸಾಲು ಮರೆತುಹೋಯಿತು ಎಂದೆ.

ಅವರು ಸ್ಟಿಯರಿಂಗ್ ಮೇಲೆ ಕೈ ಇಟ್ಟು ರಸ್ತೆಯನ್ನೇ ನೋಡುತ್ತಿದ್ದರು. “ಆ ಮನಶ್ಯಾ ಜನ್ಮದಾಗ ಒಂದ ಸಾಲೂ ಮರತಿಲ್ಲ ಬೇಬಿ.”

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಹಿರಿಯರ ತೀರ್ಮಾನ ಹಾಗೇ ಉಳಿಯಿತು. ಅವರೂ ಮುಂದೆ ಬರಲಿಲ್ಲ. ಕರೆತರಲು ತಾಯಿ ಇಲ್ಲದಿದ್ದರೂ ಮರುವಾರದಿಂದಲೇ ಅವರ ಕಾರು ಪೆಕಾನ್ ಮರದ ಕೆಳಗೆ ಬಂದು ನಿಲ್ಲತೊಡಗಿತು. ಶನಿವಾರಗಳಲ್ಲಿ ಡೀಕನ್ ಎದುರಿಗೆ ಡಾಮಿನೋ ಆಡಲು ಅವರೇ ಕೂತರು. ನಾನು ವರ್ಷಕ್ಕೆ ಎರಡು ಮೂರು ಸಲ ಹೋದಾಗ ಲೆಕ್ಕ ಇಡುತ್ತಿದ್ದೆ. ಇಬ್ಬರೂ ಮೋಸ ಮಾಡುತ್ತಿದ್ದರು.

ಕಳೆದ ತಿಂಗಳು ಆಸ್ಟಿನ್ನಿಗೆ ಫೋನ್ ಬಂತು. “ಆಕಿ ಹೋದ್ಲವಾ. ಶನಿವಾರ ಮಣ್ಣು. ನೀ ಬಾ” ಎಂದರು ಡೀಕನ್. ಹೃದಯದ ಕಾಯಿಲೆ ಎಂದು ನನಗೆ ಆಮೇಲೆ ತಿಳಿಯಿತು.

ಚರ್ಚಿಗೆ ಈಗ ಏರ್ ಕಂಡೀಷನ್ ಬಂದಿದೆ. ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿರುತ್ತಾರೆ. ಒಂದರ ಚಿಲಕ ಮಾತ್ರ ಕೈಯಾಡಿ ಸವೆದು ಹೊಳೆಯುತ್ತಿತ್ತು. ಮ್ಯಾಮ್ ಅವರ ಪೆಟ್ಟಿಗೆ ಸಭೆಯ ಮುಂದೆ ಇತ್ತು. ಪಾದ್ರಿಗಳು ಹೊಸಬರು, ಮ್ಯಾಮ್ ಹಾಡಿನ ಬಗ್ಗೆ ಒಳ್ಳೆಯ ಮಾತಾಡಿದರು, ನಾಟಕದ ಬಗ್ಗೆ ಏನೂ ಆಡಲಿಲ್ಲ. ಅವರ ಹತ್ತಿರ ಕಲಿತ ಹುಡುಗಿಯರು ನಿಲುವಂಗಿ ತೊಟ್ಟು ಹಾಡಿದರು. ನಾಲ್ಕಾರು ಹುಡುಗಿಯರ ಕಾಲಲ್ಲಿ ಶೂ ಇರಲಿಲ್ಲ.

ಆಮೇಲೆ ಡೀಕನ್ ಕೋಲು ಊರಿ ಎದ್ದರು. ಎಂದಿನಂತೆ ಎಡಗಡೆಯ ಎರಡನೇ ಕಿಟಕಿಯವರೆಗೆ ನಡೆದರು. ಅಷ್ಟು ದೂರ ನಡೆಯಲು ಅವರಿಗೆ ಈಗ ಬಹಳ ಹೊತ್ತು ಬೇಕು, ಎಲ್ಲರೂ ಕಾದೆವು. ಚಿಲಕದ ಮೇಲೆ ಕೈ ಇಟ್ಟರು. ಹಾಗೇ ನಿಂತು ಹಿಂದೆ ತಿರುಗಿ ಪೆಟ್ಟಿಗೆಯನ್ನು ನೋಡಿದರು. ಕೈ ತೆಗೆದರು.

ವಾಪಸು ಬಂದು, ಎಡಕ್ಕೆ ತಿರುಗದೆ, ಎದುರಿಗೆ ನೋಡಿ ಮೊದಲ ಸಾಲು ಕೊಟ್ಟರು.